ಹಳೆಯ ಬಾಗಿಲಿನ ಮೇಲೆ ಒಂದು ಸುತ್ತು

ಅಂಗಡಿಯ ಹಿಂದೆಯೇ ಟೈಲರನ ಕೋಣೆ. ಹಾಸಿಗೆಯಿಂದ ಮೆಷಿನ್‌ಗೆ ಹದಿನಾಲ್ಕು ಹೆಜ್ಜೆ. ಇಪ್ಪತ್ತೆರಡು ವರ್ಷಗಳಿಂದ ಅವನು ಅಕ್ಕನ ಗಂಡನ ಈ ಅಂಗಡಿಯಲ್ಲಿ ಪ್ಯಾಂಟಿನ ಉದ್ದ ಮಡಿಸುತ್ತಾನೆ, ಸೊಂಟ ಬಿಡಿಸುತ್ತಾನೆ. ಅಳತೆ ತೆಗೆಯುವವನು ಭಾವ. ಗಿರಾಕಿಗಳು ನೋಡುವುದೂ ಭಾವನನ್ನೇ. ಇವನು ಅವರಿಗೆ ‘ಒಳಗಿನವರು’.

ಅವನದೆಂದು ಇದ್ದದ್ದು ಒಂದೇ. ಎರಡು ಟ್ರಂಕುಗಳ ಮೇಲೆ ಅಡ್ಡ ಹಾಕಿದ ಹಳೆಯ ಬಾಗಿಲು, ಅದರ ಮೇಲೊಂದು ಸುತ್ತು ಹಳಿ, ಗೇಣುದ್ದದ ಕರೆಂಟಿನ ಆಟಿಕೆ ರೈಲಿಂಜಿನ್. ಅದು ಬಂದ ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಇಂಜಿನ್ ಬೆಟ್ಟ ಹತ್ತುತ್ತಿತ್ತು. ಇಲ್ಲಿ ಮೂರು ಗೇಣು ಹೋಗಿ ನಿಲ್ಲುತ್ತಿತ್ತು. ಬೆರಳಲ್ಲಿ ತಳ್ಳಿದರೆ ಮತ್ತೆ ಮೂರು ಗೇಣು.

“ಇದು ರೈಲೋ, ಮೊಂಡು ಕತ್ತೆಯೋ?” ಎಂದ ಭಾವ. “ಭಾನುವಾರದೊಳಗೆ ಒಂದು ಸುತ್ತು ಓಡ್ಸು ನೋಡೋಣ. ಇಲ್ದಿದ್ರೆ ಆ ಜಾಗದಲ್ಲಿ ಬಟ್ಟೆ ಥಾನು ಇಡ್ತೀನಿ.”

“ಓಡುತ್ತೆ, ಭಾವ.”

ಮೊಂಡು ಹಿಡಿದ ಮೆಷಿನ್‌ಗೆ ಟೈಲರ ಬಲ್ಲ ಮದ್ದು ಎಣ್ಣೆ. ಪ್ರತಿ ಶನಿವಾರ ಮೆಷಿನ್‌ಗೆ ಸೋರುವಷ್ಟು ಕುಡಿಸಿ, ಚಿಂದಿಯ ಮೇಲೆ ಹೊಲಿಗೆ ಓಡಿಸಿ ಹೆಚ್ಚಾದದ್ದನ್ನು ಹೀರಿಸುತ್ತಿದ್ದ. ಇಂಜಿನ್‌ಗೂ ಅಷ್ಟೇ ಕುಡಿಸಿದ. ಅದಕ್ಕೆ ಚಿಂದಿ ಎಲ್ಲಿಂದ ಬರಬೇಕು? ಎಣ್ಣೆ ಚಕ್ರಕ್ಕಿಳಿದು ಹಳಿಯ ತುಂಬ ಹರಡಿತು. ಆ ಮೂರು ಗೇಣೂ ಹೋಯಿತು.

ಎದುರಂಗಡಿಯ ರೇಡಿಯೊ ರಿಪೇರಿಯವನು ಇಂಜಿನ್ ಮಗುಚಿ ನೋಡಿ ನಕ್ಕ.

“ಅಲ್ರೀ ಮಾಸ್ಟ್ರೇ, ಇದನ್ನ ಎಣ್ಣೇಲಿ ಅದ್ದಿ ತೆಗೆದ್ರಾ? ಕರೆಂಟು ಹಳಿಯಿಂದ ಚಕ್ರಕ್ಕೆ, ಅಲ್ಲಿಂದ ಮೋಟಾರಿಗೆ ಬರ್ಬೇಕು. ನಡುವೆ ಎಣ್ಣೆ ಕೂತ್ರೆ ಹೇಗೆ ಬರುತ್ತೆ? ಅದೂ ಅಲ್ದೆ ಕರೆಂಟು ಹೀರೋದು ಮುಂದಿನ ಎರಡೇ ಚಕ್ರ. ಉಳಿದ ನಾಲ್ಕು ಬರೀ ಶೋಕಿಗೆ.”

ಬೆಸುಗೆ ಹಾಕುವ ಕಡ್ಡಿಯನ್ನೂ ಅವನೇ ಕೊಟ್ಟ.

ಮೂರು ದಿನ ಊಟದ ಬಿಡುವು ಅದಕ್ಕೇ ಹೋಯಿತು. ಟೈಲರ ಚಕ್ರಗಳನ್ನೂ ಹಳಿಯನ್ನೂ ಸ್ಪಿರಿಟ್‌ನಲ್ಲಿ ಒರೆಸಿದ. ಉಳಿದ ನಾಲ್ಕು ಚಕ್ರವೂ ಕರೆಂಟು ಹೀರಲೆಂದು, ಅವಕ್ಕೆ ತಾಗುವಂತೆ ಮೋಟಾರಿನಿಂದ ಕೂದಲೆಳೆಯ ತಂತಿಗಳನ್ನು ಬೆಸೆದ. ಮೊದಲನೆಯದು ಮುರಿಯಿತು, ಎರಡನೆಯದು ಬೆರಳು ಸುಟ್ಟಿತು. ಆಮೇಲೆ ಸೂಜಿಗೆ ದಾರ ಪೋಣಿಸುವ ಕೈಗೆ ಹದ ಸಿಕ್ಕಿತು. ಚಕ್ರಗಳು ಹಳಿಗೆ ಒತ್ತಿ ಕೂರಲೆಂದು, ಪರದೆ ಗಾಳಿಗೆ ಹಾರದಂತೆ ಅದರ ಅಂಚಿಗೆ ಹೊಲಿಯುವ ಸೀಸದ ಗುಂಡುಗಳನ್ನು ಇಂಜಿನ್ನಿನ ಹೊಟ್ಟೆಗೆ ತುಂಬಿದ.

ಭಾನುವಾರ ಅದು ಓಡಿತು. ಒಂದು ಸುತ್ತು, ಎರಡು, ಐದು.

“ನನ್ನ ತಮ್ಮ ಅಂದ್ರೆ ಏನಂದ್ಕೊಂಡ್ರಿ!” ಎಂದಳು ಅಕ್ಕ ಗಂಡನಿಗೆ.

ಭಾವ ಇಂಜಿನ್ ಎತ್ತಿ, ಮಗುಚಿ, ಕನ್ನಡಕ ಏರಿಸಿ ನೋಡಿದ.

“ಈ ತಂತಿಯೆಲ್ಲ ನೀನೇ ಹಾಕಿದ್ದಾ?”

“ಹೂಂ, ಭಾವ.”

“ಹಾಗಾದ್ರೆ ಇನ್ಮೇಲೆ ಮೆಷಿನ್ ರಿಪೇರಿಗೆ ಹೊರಗಿನವನು ಯಾಕೆ? ಊಟದ ಹೊತ್ತಲ್ಲಿ ನೀನೇ ನೋಡ್ಕೊಂಡ್ಬಿಡು.”

ಥಾನು ಬರಲಿಲ್ಲ, ಜಾಗ ಉಳಿಯಿತು. ಸೋಮವಾರ ಮಧ್ಯಾಹ್ನ ಟೈಲರ ಕೋಣೆಗೆ ಬಂದಾಗ ಹಳೆಯ ಬಾಗಿಲಿನ ಮೇಲೆ ಕೆಟ್ಟುಹೋದ ನಾಲ್ಕು ಮೆಷಿನ್ ಮೋಟಾರುಗಳು ಕಾಯುತ್ತಿದ್ದವು, ಒಂದು ಹಳಿಯ ಮೇಲೆಯೇ ಕೂತಿತ್ತು. ಅವನು ಅದನ್ನು ತೊಡೆಯ ಮೇಲಿಟ್ಟುಕೊಂಡು ಮೊದಲ ಸ್ಕ್ರೂ ಬಿಚ್ಚಿದ.