ಎಲ್ಲಾರೂ ಆರಾಮ ಅದೀರಿಲ್ರಿ?

ನಾಟಕದ ನಡುವೆ ನಾನು ಹೇಳಿದ ಒಂದು ಮಾತಿಗೆ ಇಡೀ ಸಭೆ ಒಟ್ಟಿಗೆ ಉತ್ತರ ಕೊಟ್ಟುಬಿಟ್ಟಿತು. ಏಕವ್ಯಕ್ತಿ ನಾಟಕ ಅದು... ನಾನೊಬ್ಬನೇ ಮಾತಾಡಬೇಕಿತ್ತು!

ಎಂಬತ್ತರ ದಶಕದ ಶುರುವಿನ ಮಾತು. ನಾನಾಗ ಬೆಳಗಾವಿ ಹತ್ತಿರದ ಮಚ್ಛೆಯ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಲೇಥ್ ಮಷಿನ್ ಮೇಲೆ ಕೆಲಸ ಮಾಡುತ್ತಿದ್ದೆ. ಶಿವಬಸವ ನಗರದಲ್ಲಿ ಒಂದು ಖೋಲಿ ಹಿಡಿದಿದ್ದೆ. ನನ್ನಷ್ಟು ದೊಡ್ಡ ನಟ ಬೆಳಗಾವಿಯಲ್ಲೇ ಇಲ್ಲ ಎಂದು ತಿಳಿದುಕೊಂಡಿದ್ದೆ.

ಮನೆ ಖಾನಾಪುರದಲ್ಲಿ. ಅಲ್ಲಿ ಅಣ್ಣ, ವೈನಿ, ಅವರ ಇಬ್ಬರು ಮಕ್ಕಳು. ಅವ್ವ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಅಣ್ಣನ ಹೆಂಡತಿಯಾಗಿ ಬಂದ ವೈನಿಯೇ ನನ್ನನ್ನು ಬೆಳೆಸಿದವರು.

ಆ ವರ್ಷ ವೈನಿ ಸುಮ್ಮನಾದರು. ಜ್ವರವಿಲ್ಲ, ನೋವಿಲ್ಲ. ರೊಟ್ಟಿ ಬಡಿಯಲು ಕೂತವರು ಹಿಟ್ಟಿನ ಮುಂದೆ ಹಾಗೇ ಕೂತಿರುತ್ತಿದ್ದರು. ಬರಬರುತ್ತಾ ಹಾಸಿಗೆ ಬಿಟ್ಟು ಏಳುವುದೇ ಕಷ್ಟವಾಯಿತು, ಮಾತು ಪೂರಾ ನಿಂತಿತು.

ಡಿಪ್ರೆಶನ್ ಎಂಬ ಶಬ್ದ ನಮ್ಮ ಮನೆಗೆ ಇನ್ನೂ ಬಂದಿರಲಿಲ್ಲ. ಓಣಿಯಲ್ಲಿ ಕೆಲವರು ಮೈಗಳ್ಳತನ ಎಂದರು, ಕೆಲವರು ದೃಷ್ಟಿ ಎಂದರು.

ಅಣ್ಣ ಹಂಚಿನ ಕಾರ್ಖಾನೆಗೆ ಹೋಗುತ್ತಿದ್ದ. ದಿನಾ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು, ಚಪ್ಪಲಿ ಮೆಟ್ಟುತ್ತಾ ಬಾಗಿಲಲ್ಲೇ ಕೇಳುತ್ತಿದ್ದ, "ಆರಾಮ ಅದೀಯಿಲ್ಲ?" ವೈನಿ ತಲೆ ಎತ್ತುವಷ್ಟರಲ್ಲಿ ಓಣಿಯ ತಿರುವು ದಾಟಿರುತ್ತಿದ್ದ.

ನಮ್ಮ ಕಡೆ ಈ ಪ್ರಶ್ನೆಗೆ ಇರುವುದು ಒಂದೇ ಉತ್ತರ. ಆರಾಮ ರೀ. ಮೈ ಸುಡುವ ಜ್ವರವಿದ್ದರೂ ಮೊದಲು ಆರಾಮ ಎಂದು ಹೇಳಿ, ಆಮೇಲೆ ಜ್ವರದ ಸುದ್ದಿ ತೆಗೆಯುವ ಮಂದಿ ನಾವು.

ಆ ಬಾಗಿಲಿನ ಪ್ರಶ್ನೆಯನ್ನೇ ಹಿಡಿದು ನಾನು ನಾಟಕ ಬರೆದೆ. ಒಂದು ಕುರ್ಚಿ, ಅದರ ಮೇಲೊಂದು ಹಸಿರು ಸೀರೆ. ಅದೇ ಹೆಂಡತಿ. ಗಂಡ, ಮಗ, ಬಾಜೂ ಮನೆಯಾಕೆ ಎಲ್ಲ ನಾನೇ.

ಕೊನೆಯಲ್ಲಿ ಗಂಡ ಪ್ರೇಕ್ಷಕರ ಕಡೆ ತಿರುಗಿ ಎಲ್ಲರನ್ನೂ ಅದೇ ಪ್ರಶ್ನೆ ಕೇಳಬೇಕು. ಸಭೆ ಸುಮ್ಮನಿರಬೇಕು. ತಾನು ಒಂದು ದಿನವೂ ಉತ್ತರಕ್ಕೆ ನಿಂತಿಲ್ಲ ಎಂದು ಆ ಮೌನದಲ್ಲಿ ಅವನಿಗೆ ಹೊಳೆಯಬೇಕು.

ಬರೆಯುವ ಮೊದಲು ವೈನಿಯನ್ನು ಒಂದು ಮಾತೂ ಕೇಳಿರಲಿಲ್ಲ. ಕೇಳಬೇಕು ಎಂದು ಅನ್ನಿಸಲೂ ಇಲ್ಲ.

ಬೆಳಗಾವಿಯಲ್ಲಿ ಎರಡು ಶೋ ಆದವು. ಆ ಪ್ರಶ್ನೆ ಬಂದಾಗ ಹಾಲ್ ಗಪ್‌ಚಿಪ್. ಒಂದಿಬ್ಬರು ಕಣ್ಣೊರೆಸಿಕೊಂಡರು. ನನ್ನ ಕಾಲಂತೂ ನೆಲದ ಮೇಲಿರಲಿಲ್ಲ.

ಅದೇ ಉಮೇದಿನಲ್ಲಿ ಖಾನಾಪುರದ ಒಂದು ಶಾಲೆಯಲ್ಲಿ ರವಿವಾರ ಮಧ್ಯಾಹ್ನ ಶೋ ಒಪ್ಪಿಕೊಂಡೆ. ಆ ದಿನ ಹೋಗುವಾಗ ಟ್ರೇನ್ ದೇಸೂರಿನಲ್ಲಿ ನಿಂತಿದ್ದಾಗ ಎದುರಿಗೆ ಕೂತಿದ್ದ ನಮ್ಮ ಓಣಿಯ ಹಿರಿಯರೊಬ್ಬರು ಹೇಳಿದರು, "ನಿಮ್ಮಣ್ಣ ಇವತ್ತ ನಿಮ್ಮ ವೈನೀನೂ ಕರ್ಕೊಂಡ ಬರಾಂವ ಅದಾನ."

ಆ ಹಸಿರು ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಖಾನಾಪುರದವರೆಗೂ ಬೆವೆತೆ. ಅವರ ಸಂಕಟವನ್ನು ಊರ ಮುಂದೆ ಇಟ್ಟು ಚಪ್ಪಾಳೆ ಹೊಡೆಸಿಕೊಳ್ಳುವವನು ನಾನು... ಅದು ತಿಳಿದು ವೈನಿ ಇನ್ನೂ ಕುಗ್ಗಿಹೋದರೆ?

ಮತ್ತೆ ನಾನೇನು ಅಣ್ಣನಿಗಿಂತ ಮೇಲೇ? ಶನಿವಾರ ಮನೆಗೆ ಹೋದಾಗ ನಾನೂ ಬಾಗಿಲಲ್ಲೇ ಕೇಳಿ, ಚಹಾ ಕುಡಿದು, ಗೆಳೆಯರ ಕಡೆ ಓಡುತ್ತಿದ್ದೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ಹಾಲ್ ತುಂಬಿತ್ತು. ಒಂದು ಬದಿ ಗಂಡಸರು, ಒಂದು ಬದಿ ಹೆಂಗಸರು. ಕಂಬದ ಬಾಜು ವೈನಿ... ತಲೆ ಮೇಲೆ ಸೆರಗು, ಕಣ್ಣು ನೆಲದ ಮೇಲೆ.

ಕೊನೆಯ ದೃಶ್ಯ ಬರುತ್ತದೆ. ನಾನು ಚಪ್ಪಲಿ ಮೆಟ್ಟಿ, ಸಭೆಯ ಕಡೆ ತಿರುಗಿ ಕೇಳುತ್ತೇನೆ, "ಎಲ್ಲಾರೂ ಆರಾಮ ಅದೀರಿಲ್ರಿ?"

"ಆರಾಮ ರೀ!"

ಇಡೀ ಹಾಲ್! ಊರ ಹುಡುಗ ಅಷ್ಟು ದೂರದಿಂದ ಬಂದು ಕೇಳಿದ್ದಾನೆ, ಉತ್ತರ ಕೊಡದಿದ್ದರೆ ಹೇಗೆ? ಮುಂದೆ ಕೂತಿದ್ದ ಅಜ್ಜ "ನೀ ಆರಾಮ ಅದೀಯೇನಪಾ?" ಎಂದು ತಿರುಗಿ ಕೇಳಿದರು. ಹಿಂದಿನಿಂದ ಯಾರೋ ಮರಾಠಿಯಲ್ಲೂ ಕ್ಷೇಮ ಹೇಳಿದರು.

ಎಲ್ಲರೂ ನಕ್ಕರು. ನನ್ನ ಮೌನದ ದೃಶ್ಯ ಮಣ್ಣುಪಾಲಾಯಿತು, ಮುಂದಿನ ಡೈಲಾಗ್ ಮರೆತೇಹೋಯಿತು.

ನಗು ಇಳಿಯುತ್ತಿದ್ದಂತೆ ಕಂಬದ ಕಡೆಯಿಂದ ಒಂದು ಸಣ್ಣ ದನಿ...

"ನನಗ ಆರಾಮಿಲ್ಲ."

ವೈನಿ. ನಾಲ್ಕೈದು ತಿಂಗಳಿಂದ ಕೇಳದ ದನಿ.

ನಾನು ಬರೆದ ನಾಟಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಸ್ಟೇಜಿನ ಅಂಚಿನಲ್ಲಿ ಕೂತು, ಗಂಡನ ದನಿ ಬಿಟ್ಟು ನನ್ನ ದನಿಯಲ್ಲೇ ಕೇಳಿದೆ, "ಏನಾಗ್ತೈತ್ರಿ ವೈನಿ?"

"ಗೊತ್ತಿಲ್ಲ ಈರಣ್ಣ. ಆರಾಮಿಲ್ಲ, ಅಷ್ಟ ಗೊತ್ತು."

ಈಗ ಯಾರೂ ನಗಲಿಲ್ಲ. ಅಣ್ಣ ಗಂಡಸರ ಸಾಲಿನಿಂದ ಎದ್ದ. ನಮ್ಮೂರಿನ ಸಭೆಗಳಲ್ಲಿ ಆಗ ಯಾವ ಗಂಡಸೂ ಮಾಡದ ಕೆಲಸ ಮಾಡಿದ... ಹೆಂಗಸರ ನಡುವೆ ದಾರಿ ಮಾಡಿಕೊಂಡು ಹೋಗಿ ವೈನಿಯ ಬಾಜು ನೆಲದ ಮೇಲೆ ಕುಳಿತ. ಎದ್ದು ಹೋಗಲಿಲ್ಲ.

ನಾಟಕ ಅಲ್ಲಿಗೇ ನಿಂತಿತು. ಮತ್ತೆಂದೂ ನಾನು ಅದನ್ನು ಆಡಲಿಲ್ಲ.

ಮರುದಿನ ಅಣ್ಣ ರಜೆ ಹಾಕಿ ವೈನಿಯನ್ನು ಬೆಳಗಾವಿಯ ಡಾಕ್ಟರ ಹತ್ತಿರ ಕರೆದುಕೊಂಡು ಬಂದ. ಗುಳಿಗೆ ನುಂಗಿದ ಕೂಡಲೇ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಎರಡು ವರ್ಷ ಹಿಡಿಯಿತು. ನಡುವೆ ಮತ್ತೆ ಮಲಗಿದರು, ಮತ್ತೆ ಎದ್ದರು.

ಒಂದು ಶನಿವಾರ ನನ್ನ ತಾಟಿಗೆ ಬಿಸಿ ರೊಟ್ಟಿ ಹಾಕುತ್ತಾ ಬೈದರು, "ನಾ ಯಾವಾಗ ಹಸರ ಸೀರಿ ಉಟ್ಟೇನೋ? ಬರಿಯೂಕಿಂತ ಮದ್ಲ ನನ್ನ ಕೇಳಬಾರದೇನ?"

ಬೈಸಿಕೊಂಡು ಅಷ್ಟು ಖುಷಿಪಟ್ಟವನು ಬಹುಶಃ ನಾನೊಬ್ಬನೇ. ರೊಟ್ಟಿ ಬಾಯಲ್ಲಿರುವಾಗಲೇ ಅತ್ತುಬಿಟ್ಟೆ.

ಅಣ್ಣ ಕೊನೆಯವರೆಗೂ ದಿನಾ ಬೆಳಿಗ್ಗೆ ಅದೇ ಪ್ರಶ್ನೆ ಕೇಳುತ್ತಿದ್ದ. ಚಪ್ಪಲಿ ಮಾತ್ರ ಉತ್ತರ ಬಂದ ಮೇಲೆ ಮೆಟ್ಟುತ್ತಿದ್ದ.

ಮತ್ತ ನೀವು? ಆರಾಮ ಅದೀರಿಲ್ರಿ?... ಸಾವಕಾಶ ಹೇಳ್ರಿ, ನಾ ಕುಂತೇನಿ.