ಮಗ್ಗದ ಬಾಗಿಲ ಮೊಳೆ

ಎದುರುಮನೆ ಮಾವನ ಮುಖ ಬಿಸಿಲು ಕಾಣದ ಮೊಳಕೆಯಂತೆ ಬಿಳಿಚಿಕೊಂಡಿರುತ್ತಿತ್ತು; ಹುಬ್ಬಿನ ಮೇಲೆ ಸದಾ ರೇಷ್ಮೆಯ ನವಿರು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಅವರದು ಕರೆಂಟಿನ ನಾಲ್ಕು ಮಗ್ಗದ ಶೆಡ್ಡು. ಸೀರೆಯ ಬಣ್ಣ ಮಾಸದಿರಲೆಂದು ಕಿಟಕಿಗಳಿಗೆಲ್ಲ ಗೋಣಿ ಬಡಿದಿದ್ದರು. “ಸೀರೆಗೆ ಬಿಸ್ಲು ಆಗಲ್ಲ ಕಣಮ್ಮ. ನಂಗೆ ಟ್ಯೂಬ್‌ಲೈಟೇ ಸೂರ್ಯ” ಎಂದು ನಗುತ್ತಿದ್ದರು.

ಮಗ್ಗದ ಸದ್ದಿನಲ್ಲಿ ಕೂಗಿ ಕೂಗಿ, ಊಟಕ್ಕೆ ಕೂತಾಗಲೂ ಅವರದು ಕೂಗುಮಾತೇ. ಆದರೆ ಕಾರ್ತಿಕ ಕಳೆದು ಮಂಜು ಬೀಳತೊಡಗಿದರೆ ದನಿ ತಗ್ಗುತ್ತಿತ್ತು. ಊಟ ಬೇಡ, ಮಾತು ಬೇಡ. ಯುಗಾದಿಯ ಹೊತ್ತಿಗೆ ಮತ್ತೆ ಅದೇ ಕೂಗು. “ಚಳಿಗಾಲ್ದಲ್ಲಾದ್ರೂ ನನ್ ಕಿವಿಗೆ ರಜೆ” ಎಂದು ಅವರ ಹೆಂಡತಿ, ನಮ್ಮ ಅತ್ತೆ, ತಮಾಷೆ ಮಾಡುತ್ತಿದ್ದರು. ನಾನೂ ನಕ್ಕಿದ್ದೆ. ಬಿಸಿಲಿಗೂ ಮೆದುಳಿನ ಸೆರೊಟೋನಿನ್‌ಗೂ ಇರುವ ನಂಟಿನ ಬಗ್ಗೆ ಬಿ.ಎಸ್ಸಿ. ಪರೀಕ್ಷೆಯಲ್ಲಿ ಎರಡು ಪುಟ ಬರೆದಿದ್ದವಳು!

ಶೆಡ್ಡಿನ ಬಾಗಿಲಲ್ಲೊಂದು ಮೊಳೆ. ಟವಲು, ದುಪಟ್ಟಾ ಏನಿದ್ದರೂ ಅದಕ್ಕೆ ನೇತುಹಾಕಿಯೇ ಒಳಗೆ ಹೋಗಬೇಕೆಂಬುದು ಮಾವನ ಕಟ್ಟಪ್ಪಣೆ. ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಮರೆತು ನುಗ್ಗಿದ್ದೆ. “ಏಯ್, ಬೆಲ್ಟಿಗೆ ಕಣ್ಣಿಲ್ಲ ಕಣೇ!” ಎಂದು ಕೂಗಿ ರಟ್ಟೆ ಹಿಡಿದು ಎಳೆದರು. ದುಪಟ್ಟಾದ ತುದಿ ಆಗಲೇ ಮೋಟಾರಿನ ಬೆಲ್ಟಿಗೆ ಸಿಕ್ಕಿ ಹರಿದಿತ್ತು.

ಹೋದ ವರ್ಷ ಮಂಜು ಕವಿದ ಒಂದು ಬೆಳಿಗ್ಗೆ, ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿ ಬಸ್ಸಿಗೆ ಹೊರಟವಳು ಶೆಡ್ಡಿನೊಳಗೆ ಇಣುಕಿದೆ. ಮೊಳೆ ಖಾಲಿ. ಮಾವ ಓಡುವ ಮಗ್ಗದ ಪಕ್ಕ ನಿಂತಿದ್ದರು. ಕೊರಳಿನ ಟವಲಿನ ತುದಿ ಬೆಲ್ಟಿನೊಳಕ್ಕೆ ಸರಿಯುತ್ತಿತ್ತು. ಅದನ್ನೇ ನೋಡುತ್ತಿದ್ದರು. ಕೈ ಎತ್ತಲಿಲ್ಲ. ನಾನು ಓಡಿ ಮೇನ್ ಸ್ವಿಚ್ ಕೆಳಗೆಳೆದೆ.

“ಯಾಕ್ ಮಾವ, ಎಳ್ಕೋಬಾರ್ದಿತ್ತಾ?”

“ಎಳ್ಕೋಬೇಕು ಅಂತ ಗೊತ್ತಿತ್ತಮ್ಮ. ಎಳ್ಕೋಬೇಕು ಅನಿಸ್ಲಿಲ್ಲ.”

ಆ ಮಾತು ಈಗಲೂ ನನ್ನನ್ನು ನಿದ್ದೆಯಿಂದ ಎಬ್ಬಿಸುತ್ತದೆ.

ಅಂದೇ ಆಸ್ಪತ್ರೆಗೆ ಕರೆದೊಯ್ದೆವು. ಬೆಳಕು ಕುಗ್ಗುವ ತಿಂಗಳುಗಳಲ್ಲಿ ಕೆಲವರಿಗೆ ವರ್ಷವರ್ಷವೂ ಮರುಕಳಿಸುವ ಖಿನ್ನತೆಯಿದು, ಕತ್ತಲ ಶೆಡ್ಡು ಅದನ್ನು ಹೆಚ್ಚಿಸಿರಬಹುದು ಎಂದ ವೈದ್ಯೆ ಮಾತ್ರೆ ಬರೆದುಕೊಟ್ಟರು. ದಿನಾ ಬೆಳಿಗ್ಗೆ ಬೆಳಕಿನಲ್ಲಿ ಕೂರಿಸಲು ಹೇಳಿದರು. “ಸದ್ದಿಲ್ಲ ಅಂತ ಖುಷಿಪಟ್ನಲ್ಲಮ್ಮ” ಎಂದು ಅತ್ತೆ ಅತ್ತರು.

ಈಗ ಗೋಣಿಗಳಿಲ್ಲ, ನೇಯ್ದ ಸೀರೆಗೆ ಹಳೇ ಪಂಚೆ ಹೊದಿಸುತ್ತಾರೆ. ಬೇಸಿಗೆಯಲ್ಲಿ ಅತ್ತೆ ಜಗಲಿಯ ಬಿಸಿಲಿಗೆ ಕೂರಿಸಿದರೆ ಮಾವ, “ನನ್ನ ಹಪ್ಪಳದಂಗೆ ಒಣಗಾಕವ್ಳೆ ನೋಡು!” ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದರು.

ಈ ವರ್ಷದ ಮಂಜು ಬೀಳತೊಡಗಿದೆ. ದುಪಟ್ಟಾ ಹರಿದ ದಿನ ಅವರು ನನ್ನನ್ನು ಎಳೆದದ್ದು ಒಂದೇ ಕ್ಷಣದಲ್ಲಿ. ಅವರನ್ನು ಎಳೆಯಲು ನನಗೆ ಎಷ್ಟು ಚಳಿಗಾಲ ಬೇಕಾಯಿತು! ದಿನವೂ ಮೊಳೆಯಲ್ಲಿ ಟವಲು ನೋಡಿಯೇ ಬಸ್ಸಿಗೆ ಹೋಗುತ್ತೇನೆ. “ಹಾಕಿದೀನಿ ಕಣಮ್ಮ, ಹೋಗು” ಎಂದು ಒಳಗಿನಿಂದ ಕೂಗುತ್ತಾರೆ.

ನಿನ್ನೆ ಆ ಮಾತು ಕೇಳಲು ಹತ್ತಿರ ಹೋಗಿ ಕಿವಿಗೊಡಬೇಕಾಯಿತು. ಇವತ್ತು ಬಸ್ಸು ಬಿಟ್ಟೆ. ನಾನೂ ಮಾವನೂ ಡಾಕ್ಟರ ಹತ್ತಿರ ಹೊರಟಿದ್ದೇವೆ.