ನಾಗಪ್ಪ ನುಂಗಿದ ಚೆಂಡು

ನಮ್ಮೂರಿನ ಮಾಯಣ್ಣ ತೆಂಗಿನಕಾಯಿ ಸುಲಿಯುವ ಕೂಲಿಯವನು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ, ಮೂರೇ ತಿರುವಿಗೆ ಮಟ್ಟೆ ಬಿಡಿಸುತ್ತಿದ್ದ. ಅಂಥ ದುಡಿಮೆಗಾರನಿಗೆ ಎಪ್ಪತ್ತೆಂಟನೇ ಇಸವಿಯಲ್ಲಿ ಒಂದು ಹುಚ್ಚು ಹಿಡಿಯಿತು. ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡದ ಬುಡದಲ್ಲಿ ಒಂದು ಗಣಿ ಕಂಪನಿಯ ಬಂಗಲೆ ಇತ್ತು. ಅಲ್ಲಿನ ಮ್ಯಾನೇಜರು ಭಾನುವಾರ ಬೆಳಿಗ್ಗೆ ಬಯಲಿನಲ್ಲಿ ನಿಂತು ಗಾಲ್ಫ್ ಚೆಂಡು ಹೊಡೆಯುತ್ತಿದ್ದರು. ಹತ್ತಕ್ಕೆ ನಾಲ್ಕು ಪೊದೆಯ ಪಾಲು. ಅವರಿಗೆ ಅವು ಬೇಕಿರಲಿಲ್ಲ, ಮಾಯಣ್ಣನಿಗೆ ಬೇಕಿದ್ದವು.

ಅವನು ಅವನ್ನು ಮಾರುತ್ತಿರಲಿಲ್ಲ, ಆಡುತ್ತಲೂ ಇರಲಿಲ್ಲ. ಹುಡುಕುವುದೇ ಅವನಿಗೆ ಹೋಳಿಗೆ ಊಟ. ಬಿಸಿಲು ಓರೆಯಾದಾಗ ಹೋಗಬೇಕು, ಆಗ ಬಿಳುಪು ಕಣ್ಣಿಗೆ ಹೊಡೆಯುತ್ತದೆ ಎನ್ನುತ್ತಿದ್ದ. ಮಳೆನೀರು ಹರಿಯುವ ದಾರಿಯೇ ಚೆಂಡಿನ ದಾರಿ ಎನ್ನುತ್ತಿದ್ದ. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ತಂಗಡಿ ಗಿಡದ ಮುಂದೆ ಕೊಕ್ಕರೆಯಂತೆ ಒಂಟಿಕಾಲಲ್ಲಿ ನಿಂತು, "ಅಗೋ ಕಣ್ಲಾ, ನಗ್ತಾ ಕುಂತವ್ನೆ," ಎಂದ. ನನಗೆ ಬರಿಯ ಎಲೆ ಕಂಡಿತ್ತು.

ಹೆಂಡತಿ ನಿಂಗಮ್ಮನದು ಮಾತ್ರ ಒಂದೇ ರಾಗ. "ಕಾಡ್ನಾಗೆ ಮೊಟ್ಟೆ ಹುಡ್ಕೋ ಗಂಡ ಸಿಕ್ಕವ್ನೆ ನಂಗೆ. ಮರಿ ಆಯ್ತಾವಾ ಅವು?"

ಆ ಮಾತೇ ಮಾಯಣ್ಣನ ತಲೆ ಹೊಕ್ಕಿತು. ಕೋಳಿ ಮೊಟ್ಟೆಯಿಡುವ ಪುಟ್ಟಿಯಲ್ಲಿ ಒಂದನ್ನಾದರೂ ಉಳಿಸದಿದ್ದರೆ ಅದು ಬೇರೆಲ್ಲೋ ಹೋಗಿ ಇಡುತ್ತದೆ. ಅದಕ್ಕೆ ಮೊಟ್ಟೆಯ ಬದಲು ಒಂದು ಚೆಂಡು ಇಟ್ಟ. ಕೋಳಿ ಮೋಸಹೋಯಿತು. "ಈಗ್ ಹೇಳು, ಕೆಲ್ಸಕ್ಕೆ ಬತ್ತೋ ಇಲ್ವೋ," ಎಂದು ಮೀಸೆ ತಿರುವಿದ. ಮಗಳು ಸುವರ್ಣಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅವಳೂ ನಕ್ಕಳು.

ವಾರ ಕಳೆದಿರಬಹುದು. ಬೆಳಿಗ್ಗೆ ಕೋಳಿ ಸೂರು ಹತ್ತಿ ಅರಚುತ್ತಿತ್ತು. ಕೊಟ್ಟಿಗೆಯಲ್ಲಿ ಪುಟ್ಟಿ ಬರಿದಾಗಿತ್ತು. ಮಾಯಣ್ಣ ಮುಂಗುಸಿಯನ್ನು ಬೈಯುತ್ತಿದ್ದಾಗ ಒಳಗಿನಿಂದ ಮಗಳ ದನಿ ಕೇಳಿತು. ಕೂಗಲ್ಲ, ಪಿಸುಮಾತು.

"ಅಪ್ಪಾ, ಗೂಡ್ನಾಗೆ ಐತೆ."

ಕೋಣೆಗೂ ಕೊಟ್ಟಿಗೆಗೂ ನಡುವೆ ಒಂದೇ ಕಲ್ಲು ಮಣ್ಣಿನ ಗೋಡೆ. ಕೋಣೆಯ ಕಡೆ ದೀಪದ ಗೂಡು, ಅದರ ಬೆನ್ನಿಗೆ ಕೊಟ್ಟಿಗೆಯವರೆಗೂ ಇಲಿ ತೋಡಿದ ಬಿಲ. ಅದರೊಳಗಿನಿಂದ ಗೋಧಿ ಬಣ್ಣದ ನಾಗರ ಹೆಡೆ ಬಿಚ್ಚಿ ಬುಸುಗುಡುತ್ತಿತ್ತು. ಸುವರ್ಣಮ್ಮ ಕೆಳಗೆ ಚಾಪೆಯ ಮೇಲೆ ಹೊಟ್ಟೆ ಹಿಡಿದುಕೊಂಡು ಕಲ್ಲಾಗಿದ್ದಳು. ಮಾಯಣ್ಣ ಹೊಸಿಲಲ್ಲೇ ಕುಕ್ಕರಿಸಿದ. "ಕುಂಡಿ ಮೇಲೇ ಜರುಗು ಮಗಾ. ಅದ್ರ ಕಡೆ ನೋಡ್ಬ್ಯಾಡ, ನನ್ ನೋಡು." ಅವಳು ಮೊಳ ಮೊಳವಾಗಿ ಸರಿದು ಹೊಸಿಲು ತಲುಪಿದಾಗ, ಅವನೇ ಬೆವರಿನಲ್ಲಿ ತೊಯ್ದುಹೋಗಿದ್ದ.

ನಾನೂ ಪಕ್ಕದ ಮನೆಯ ದುರ್ಗಯ್ಯನೂ ಓಡಿಬಂದೆವು. ಕೊಟ್ಟಿಗೆಯ ಕಡೆಯಿಂದ ನೋಡಿದರೆ ಸಂಗತಿ ತಿಳಿಯಿತು. ಹಾವಿನ ತಲೆ ಗೋಡೆಯ ಆಚೆ, ಬಾಲ ಈಚೆ. ನಡುಮೈಯಲ್ಲಿ ಚೆಂಡಿನಷ್ಟೇ ಗುಂಡಗೆ ಒಂದು ಗಂಟು ಬಿಲದ ಬಾಯಿಗೆ ಸಿಕ್ಕಿಕೊಂಡಿತ್ತು. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು.

ದುರ್ಗಯ್ಯ ದೊಣ್ಣೆ ಎತ್ತಿದ. ನಿಂಗಮ್ಮ ಅಡ್ಡ ನಿಂತಳು. "ಬಸುರಿ ಇರೋ ಮನೇಲಿ ನಾಗಪ್ಪನ ಜೀವ ಹೋದ್ರೆ ಮಗೀಗೆ ತಟ್ಟತದೆ. ಮುಟ್ಟಬ್ಯಾಡ."

"ನಾ ಹೊಡೀದಿದ್ರೂ ಸಾಯ್ತದೆ ಕಣಕ್ಕ. ಮೊಟ್ಟೆ ಆದ್ರೆ ಕರಗ್ತದೆ, ಇದು ಕರಗ್ತದಾ?"

ಮಾಯಣ್ಣ ಹಾರೆ ತಂದ. "ಚೆಂಡು ಇಕ್ಕಿದೋನು ನಾನು," ಎಂದ, ಅಷ್ಟೇ.

ಒಂದೊಂದೇ ಕಲ್ಲನ್ನು ಹಲ್ಲು ಕೀಳುವ ಹಾಗೆ ಅಲುಗಿಸಿ ತೆಗೆದು ನನ್ನ ಕೈಗೆ ಕೊಟ್ಟ. ಕಲ್ಲು ಜಾರಿದರೆ ಹಾವಿನ ಬೆನ್ನು ಮುರಿಯುತ್ತದೆ, ಕೈ ಜಾರಿದರೆ ಅವನ ಕಥೆ ಮುಗಿಯುತ್ತದೆ. ಆರನೆಯ ಕಲ್ಲು ಬಂದಾಗ ಗೋಡೆ ಸಡಿಲವಾಯಿತು. ಹಾವು ತಲೆಯನ್ನು ಒಳಗೆಳೆದುಕೊಂಡು, ಸುತ್ತಿ ತಿರುಗಿ, ನಮ್ಮ ಕಡೆಗೇ ಇಳಿಯಿತು. ಮಾಯಣ್ಣನ ಬಲ ಪಾದದ ಮೇಲೆ ಹಾದುಹೋಯಿತು. ಆ ಗಂಟು ಪಾದ ದಾಟುವವರೆಗೂ ಅವನು ಉಸಿರಾಡಲಿಲ್ಲ. ಆಮೇಲೆ ಅದು ಹೊಟ್ಟೆ ಎಳೆದುಕೊಂಡು ಮಟ್ಟೆಯ ರಾಶಿ ದಾಟಿ, ಕತ್ತಾಳೆಯ ಬೇಲಿಯಲ್ಲಿ ಮರೆಯಾಯಿತು.

"ಉಳೀತದಾ?" ಎಂದಳು ನಿಂಗಮ್ಮ. ಮಾಯಣ್ಣ ಕಾಲು ತೊಳೆಯಲು ಹೋದ.

ಮಾರನೆಯ ದಿನದಿಂದ ಹಾವಿನ ಹುಡುಕಾಟ ಶುರುವಾಯಿತು. ಎಲ್ಲೋ ಸತ್ತು ಬಿದ್ದಿದ್ದರೆ ಬೆಂಕಿಯಲ್ಲಿ ಸಂಸ್ಕಾರ ಮಾಡಿ ಹಾಲು ಎರೆಯಬೇಕು, ಇಲ್ಲದಿದ್ದರೆ ದೋಷ ಮೊಮ್ಮಗುವಿನ ಮೈಮೇಲೆ ಮೂಡುತ್ತದೆ ಎಂಬ ಭಯ. ಇಪ್ಪತ್ತು ದಿನ ಬೇಲಿ, ಹುತ್ತ, ಕಲ್ಲುಗುಡ್ಡೆ ಒಂದನ್ನೂ ಬಿಡಲಿಲ್ಲ. ಗಾಳಿ ಮೂಸಿದ. ಹದ್ದು ಇಳಿದ ಕಡೆ ಓಡಿದ. ಗುಡ್ಡದ ಬುಡದಲ್ಲಿ ಎರಡು ಚೆಂಡು ಕಣ್ಣೆದುರೇ ಬಿದ್ದಿದ್ದವು. ದಾಟಿಕೊಂಡು ಹೋದ. ಎಲೆಮರೆಯ ಬಿಳುಪನ್ನು ಹತ್ತು ಮಾರು ದೂರದಿಂದ ಕಾಣುತ್ತಿದ್ದವನಿಗೆ, ಐದಡಿ ಹಾವು ಸತ್ತೂ ಸಿಗಲಿಲ್ಲ, ಬದುಕಿಯೂ ಸಿಗಲಿಲ್ಲ.

ಇಪ್ಪತ್ತೊಂದನೆಯ ದಿನ ಮಧ್ಯಾಹ್ನ ಸುವರ್ಣಮ್ಮನಿಗೆ ಹೆರಿಗೆಯಾಯಿತು. ಸೂಲಗಿತ್ತಿ ಗುರುಸಿದ್ದಮ್ಮ ಕೂಸನ್ನು ಹಳೇ ಸೀರೆಯಲ್ಲಿ ಸುತ್ತಿ ಹೊರಗೆ ತಂದಳು. ಮಾಯಣ್ಣ ಹೆಣ್ಣೋ ಗಂಡೋ ಕೇಳಲಿಲ್ಲ. ಬಟ್ಟೆ ಬಿಚ್ಚಿಸಿದ. ಅಂಗೈ, ಅಂಗಾಲು, ನಾಲಗೆ, ಬೆನ್ನು ಎಲ್ಲವನ್ನೂ ಬೆಳಕಿಗೆ ಹಿಡಿದು ನೋಡಿದ. ಚರ್ಮ ನುಣ್ಣಗಿತ್ತು. ಎಡಗಿವಿಯ ಹಿಂದೆ ಬೆರಳು ನಿಂತಿತು. ಅಲ್ಲಿ ರಾಗಿಕಾಳಿನಷ್ಟು ಕಪ್ಪು. ಬೆರಳಿಗೆ ಎಂಜಲು ಹಚ್ಚಿ ಉಜ್ಜಿದ. ಹೋಗಲಿಲ್ಲ. ಇನ್ನೊಮ್ಮೆ ಉಜ್ಜಿದ. ಕೂಸು ಕಿರುಚಿತು.

"ಮಚ್ಚೆ ಕಣಪ್ಪ ಅದು, ಬುಡು," ಎಂದು ಗುರುಸಿದ್ದಮ್ಮ ಕೂಸನ್ನು ಕಿತ್ತುಕೊಂಡು ಒಳಗೆ ಹೋದಳು. ಮಾಯಣ್ಣ ತನ್ನ ಬೆರಳಿನ ತುದಿಯನ್ನೇ ನೋಡುತ್ತ ಜಗುಲಿಯ ಮೇಲೆ ಕುಳಿತ.